ಕತ್ತಿನ ಕಪ್ಪಿಗೆ ನಾಲ್ಕು ಟ್ಯೂಬು, ಒಂದು ಟೇಪು

‘ಕತ್ತು ಕಪ್ಪಗಾಗಿದೆ, ಹೋಗೋಕೆ ಏನಾದ್ರೂ ಕೊಡಿ’ ಎಂದು ಮೆಡಿಕಲ್ ಶಾಪಿನಲ್ಲಿ ಕೇಳಿದರೆ ಸಾಮಾನ್ಯವಾಗಿ ನಾಲ್ಕು ಬಗೆಯ ಮದ್ದಿನ ಮಾತು ಬರುತ್ತದೆ. ಕೋಜಿಕ್ ಆಸಿಡ್ ಇರುವ ‘ಬಿಳುಪಿನ’ ಕ್ರೀಮು, ಯೂರಿಯಾ ಅಥವಾ ಲ್ಯಾಕ್ಟಿಕ್ ಆಸಿಡ್ ಲೋಷನ್, ಟ್ರೆಟಿನಾಯಿನ್, ಮತ್ತೆ ಮೂರು ಔಷಧ ಒಟ್ಟಿಗೆ ಕಲಸಿದ ಟ್ರಿಪಲ್ ಕ್ರೀಮು. ಕಂಪನಿ ಹೆಸರು ಪಕ್ಕಕ್ಕಿಟ್ಟು ಟ್ಯೂಬಿನ ಒಳಗಿರುವುದನ್ನಷ್ಟೇ ಇಲ್ಲಿ ತೂಗಿದ್ದೇವೆ.

ದುಡ್ಡು ಬಿಚ್ಚುವ ಮೊದಲು ಒಂದು ಪರೀಕ್ಷೆ. ಹತ್ತಿಗೆ ಸರ್ಜಿಕಲ್ ಸ್ಪಿರಿಟ್ ಹಾಕಿ ಕತ್ತಿನ ಹಿಂಭಾಗವನ್ನು ಮೆಲ್ಲಗೆ ಒರೆಸಿ. ಹತ್ತಿಗೆ ಕಂದು ಬಣ್ಣ ಅಂಟಿ ಚರ್ಮ ತಿಳಿಯಾದರೆ ಅದು ಗಟ್ಟಿಯಾಗಿ ಕೂತ ಕೊಳೆ ಮತ್ತು ಸತ್ತ ಚರ್ಮ, ಯಾವ ಟ್ಯೂಬೂ ಬೇಡ. ಒರೆಸಿದರೂ ಹೋಗುತ್ತಿಲ್ಲ, ಬೆರಳಾಡಿಸಿದರೆ ಮಖಮಲ್ಲಿನ ಹಾಗೆ ದಪ್ಪ, ಕಂಕುಳಲ್ಲೂ ಬೆರಳ ಗೆಣ್ಣಲ್ಲೂ ಅದೇ ಬಣ್ಣ, ಅಲ್ಲಲ್ಲಿ ನರುಲಿಯಂಥ ಸಣ್ಣ ಗಂಟು ಎಂದಾದರೆ ಅದು ಬಹುಮಟ್ಟಿಗೆ ಅಕಾಂಥೋಸಿಸ್ ನೈಗ್ರಿಕನ್ಸ್. ಹೊಟ್ಟೆ ಸುತ್ತ ಕೊಬ್ಬು ಕೂತವರಲ್ಲಿ ಇನ್ಸುಲಿನ್ ಹೇಳಿದ್ದನ್ನು ದೇಹ ಸರಿಯಾಗಿ ಕೇಳುವುದಿಲ್ಲ. ಆಗ ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಸುರಿಸುತ್ತದೆ. ಆ ಹೆಚ್ಚುವರಿ ಇನ್ಸುಲಿನ್ ಚರ್ಮದ ಕೋಶಗಳನ್ನು ಬೆಳೆಯುವಂತೆ ಕೆರಳಿಸಿ ಚರ್ಮ ಮಡಿಕೆಗಟ್ಟಿ ದಪ್ಪವಾಗುತ್ತದೆ. ಕಾಣುವ ಕಪ್ಪು ಬಹುಪಾಲು ಆ ದಪ್ಪದ್ದೇ.

ಬಿಳುಪಿನ ಕ್ರೀಮು ಸೋಲುವುದೂ ಇಲ್ಲೇ. ಕೋಜಿಕ್ ಆಸಿಡ್ ಕೆಲಸ ಮಾಡುವುದು ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಮೇಲೆ. ದಪ್ಪವನ್ನು ಅದು ಮುಟ್ಟುವುದಿಲ್ಲ. ಐದಕ್ಕೆ ಒಂದು ಅಂಕ, ಅದೂ ದಾಕ್ಷಿಣ್ಯಕ್ಕೆ.

ಹತ್ತರಿಂದ ಇಪ್ಪತ್ತು ಪರ್ಸೆಂಟ್ ಯೂರಿಯಾ, ಅಥವಾ 12 ಪರ್ಸೆಂಟ್ ಲ್ಯಾಕ್ಟಿಕ್ ಆಸಿಡ್ ಇರುವುದಕ್ಕೆ ಮೂರೂವರೆ. ಸ್ನಾನವಾದ ಮೇಲೆ ಟವೆಲಿನಿಂದ ಒತ್ತಿ, ಚರ್ಮ ಇನ್ನೂ ಸ್ವಲ್ಪ ತೇವವಿರುವಾಗಲೇ ಹಚ್ಚಬೇಕು. ಒಡೆದ ಚರ್ಮಕ್ಕೆ ಹಚ್ಚಿದರೆ ಉರಿಯುತ್ತದೆ. ಹಾಸನದ ಧನುರ್ಮಾಸದ ಗಾಳಿಗೆ ಕೈಕಾಲು ಬಿರಿಯುವವರಿಗೂ ಅದೇ ಬಾಟಲಿ ಆಗುತ್ತದೆ, ಆ ಮಟ್ಟಿಗೆ ಲಾಭ. ‘ಬಡವರ ಊಟಿ’ ಎನಿಸಿಕೊಂಡ ಈ ಊರಿನ ಚಳಿಗೆ ಕತ್ತಿಗೆ ಸುತ್ತುವ ಉಣ್ಣೆ ಮಫ್ಲರ್ ಮಾತ್ರ ಉಜ್ಜಿ ಉಜ್ಜಿ ಇನ್ನಷ್ಟು ಕಪ್ಪು ಮಾಡುತ್ತದೆ, ಕೆಳಗೊಂದು ಹತ್ತಿ ಬಟ್ಟೆ ಇರಲಿ. ನಿಂಬೆಹಣ್ಣು, ಅಡುಗೆ ಸೋಡಾ, ಹಿಮ್ಮಡಿ ತಿಕ್ಕುವ ಕಲ್ಲು ಇವುಗಳದ್ದೂ ಅದೇ ಕೆಡುಕು.

ಟ್ರೆಟಿನಾಯಿನ್ (0.025 ಅಥವಾ 0.05 ಪರ್ಸೆಂಟ್) ನಾಲ್ಕರಲ್ಲಿ ಹೆಚ್ಚು ಕೆಲಸ ಮಾಡುವಂಥದ್ದು, ಆದರೆ ವೈದ್ಯರ ಚೀಟಿ ಬೇಕು. ರಾತ್ರಿ ಮಾತ್ರ, ಬಟಾಣಿ ಕಾಳಿನಷ್ಟು, ಮೊದಲೆರಡು ವಾರ ದಿನ ಬಿಟ್ಟು ದಿನ. ಅವಸರಪಟ್ಟು ಹೆಚ್ಚು ಹಚ್ಚಿದವರ ಚರ್ಮ ಕೆಂಪಾಗಿ ಸಿಪ್ಪೆ ಏಳುತ್ತದೆ, ಕೆರಳಿದ ಜಾಗ ಮತ್ತೆ ಕಪ್ಪಾಗುತ್ತದೆ. ಗರ್ಭಿಣಿಯರು, ಗರ್ಭ ಧರಿಸಲು ಯೋಚಿಸುತ್ತಿರುವವರು ಮುಟ್ಟಬಾರದು.

ಟ್ರಿಪಲ್ ಕ್ರೀಮಿಗೆ ಸೊನ್ನೆ. ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಜೊತೆಗೊಂದು ಸ್ಟೀರಾಯ್ಡ್. ಅದು ಮುಖದ ಬಂಗು ಎಂಬ ಕಂದು ಕಲೆಗೆ, ವೈದ್ಯರ ಕಣ್ಗಾವಲಲ್ಲಿ, ಕೆಲವೇ ವಾರ ಬಳಸುವಂಥದ್ದು. ಕತ್ತಿಗೆ ತಿಂಗಳುಗಟ್ಟಲೆ ಬಳಿದರೆ ಸ್ಟೀರಾಯ್ಡ್‌ನಿಂದ ಚರ್ಮ ತೆಳುವಾಗಿ ರಕ್ತನಾಳ ಎದ್ದು ಕಾಣುತ್ತದೆ.

ಇನ್ನು ಖರ್ಚಿನ ಲೆಕ್ಕ. ತೋರುಬೆರಳಿನ ತುದಿಯ ಗೆಣ್ಣಿನುದ್ದ ಹಿಂಡಿದ ಕ್ರೀಮು ಸುಮಾರು ಅರ್ಧ ಗ್ರಾಂ, ಎರಡು ಅಂಗೈಯಗಲಕ್ಕೆ ಸಾಕು. ದಿನಕ್ಕೆರಡು ಸಲವೆಂದರೆ 15 ಗ್ರಾಂ ಟ್ಯೂಬು ಹದಿನೈದೇ ದಿನ. ಕೆಲಸ ಕಾಣಲು ತಿಂಗಳುಗಳು ಬೇಕು. ಲೋಷನ್ ಕೊಳ್ಳುವುದಾದರೆ ದೊಡ್ಡ ಬಾಟಲಿಯೇ ಸರಿ.

ಈ ನಾಲ್ಕಕ್ಕಿಂತ ನಾವು ಹೆಚ್ಚು ಅಂಕ ಕೊಡುವುದು ದರ್ಜಿಯ ಟೇಪಿಗೆ. ಪ್ಯಾಂಟು ನಿಲ್ಲುವ ಜಾಗದಲ್ಲಲ್ಲ, ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುಮಧ್ಯದಲ್ಲಿ, ಉಸಿರು ಬಿಟ್ಟ ಮೇಲೆ ಹೊಟ್ಟೆಯ ಸುತ್ತಳತೆ ನೋಡಬೇಕು. ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಿದ್ದರೆ ಖಾಲಿಹೊಟ್ಟೆಯ ಸಕ್ಕರೆ ಮತ್ತು ಮೂರು ತಿಂಗಳ ಸರಾಸರಿ ಸಕ್ಕರೆ ಹೇಳುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿ. ಖಾಲಿಹೊಟ್ಟೆಯಲ್ಲಿ 100ರಿಂದ 125 ಮಿ.ಗ್ರಾಂ/ಡಿ.ಎಲ್., ಎಚ್‌ಬಿಎ1ಸಿ 5.7ರಿಂದ 6.4 ಪರ್ಸೆಂಟ್ ಬಂದರೆ ಸಕ್ಕರೆ ಕಾಯಿಲೆಯ ಹೊಸ್ತಿಲು. ಮುಂದಿನದ್ದನ್ನು ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜಾದ ಹಿಮ್ಸ್ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಕೇಳಬಹುದು.

ಊಟದಲ್ಲಿ ಮೊದಲು ಕಡಿಮೆ ಮಾಡಬೇಕಾದ್ದು ಕಾಫಿಯ ಸಕ್ಕರೆ, ಮುದ್ದೆಯಲ್ಲ. ನಾಲ್ಕು ಲೋಟ, ಲೋಟಕ್ಕೆ ಎರಡು ಚಮಚ ಅಂದರೆ ದಿನಕ್ಕೆ ಸುಮಾರು 40 ಗ್ರಾಂ, ತಿಂಗಳಿಗೆ 1.2 ಕಿಲೋ ಸಕ್ಕರೆ, ಬರೀ ಕಾಫಿಯಲ್ಲಿ! ಬೆಲ್ಲ ಹಾಕಿದರೂ ಲೆಕ್ಕ ಬದಲಾಗದು. ಎರಡನೆಯದು ಸಂಜೆ ನಾಲ್ಕರ ಬೇಕರಿ. ಅಯ್ಯಂಗಾರ್ ಬೇಕರಿಯ ಮೂಲದವರು ಹಾಸನ ಜಿಲ್ಲೆಯಿಂದಲೇ ಬೆಂಗಳೂರಿಗೆ ಹೋದವರು, ಹಾಗಾಗಿ ದಿಲ್‌ಪಸಂದ್ ಬಿಡಿ ಎನ್ನುವ ಧೈರ್ಯ ನಮಗಿಲ್ಲ. ವಾರಕ್ಕೊಮ್ಮೆ ಸಾಕು ಎನ್ನುತ್ತೇವೆ. ಮುದ್ದೆಯೂ ಪಿಷ್ಟವೇ, ರಾಗಿ ಎಂದ ಮಾತ್ರಕ್ಕೆ ಸಕ್ಕರೆ ಏರದೆ ಇರದು. ಎರಡರ ಬದಲು ಒಂದು ಮುದ್ದೆ, ತೆಳುಸಾರಿನ ಬದಲು ಕಾಳಿನ ಸಾರು. ಅವರೆ ಕಾಲದಲ್ಲಿ ಹಾಸನದ ಕಟ್ಟಿನಕೆರೆ ಮಾರುಕಟ್ಟೆಗೆ ಹೋದರೆ ಇದಕ್ಕೆ ಯಾರೂ ಹೇಳಿಕೊಡಬೇಕಿಲ್ಲ.

80 ಕಿಲೋ ಇರುವವರು ನಾಲ್ಕೈದು ಕಿಲೋ ಇಳಿದರೂ ಇನ್ಸುಲಿನ್ ಹದಕ್ಕೆ ಬರತೊಡಗುತ್ತದೆ. ವಾರಕ್ಕೆ ಅರ್ಧ ಕಿಲೋ ಸಾಕು. ಉಪವಾಸ ಬಿದ್ದು ತಿಂಗಳಲ್ಲಿ ಎಂಟು ಕಿಲೋ ಇಳಿಸಿದರೆ ಎರಡು ಮೂರು ತಿಂಗಳಾದ ಮೇಲೆ ತಲೆಕೂದಲು ಕೈಗೆ ಬರಬಹುದು.

ತೆಳ್ಳಗಿರುವವರಿಗೆ, ಅದರಲ್ಲೂ ವಯಸ್ಸಾದವರಿಗೆ, ಇದೇ ಕಪ್ಪು ದಿಢೀರನೆ ಬಂದು ಅಂಗೈ ಅಥವಾ ಬಾಯೊಳಗೂ ಹರಡಿದರೆ ಮೇಲಿನದ್ದು ಯಾವುದೂ ಬೇಡ. ಒಳಗಿನ ಗಡ್ಡೆಯ ಸೂಚನೆ ಇರಬಹುದು, ಅದೇ ವಾರ ವೈದ್ಯರಿಗೆ ತೋರಿಸಿ.

ಮದ್ದು ಹತ್ತುತ್ತಿದೆಯೇ ಎಂದು ದಿನಾ ಕನ್ನಡಿ ನೋಡುವುದು ವ್ಯರ್ಥ. ತಿಂಗಳಿಗೊಮ್ಮೆ, ಅದೇ ಕಿಟಕಿಯ ಬೆಳಕಲ್ಲಿ ಫೋಟೊ ತೆಗೆದು ಬೆರಳಾಡಿಸಿ ನೋಡಿ. ಮೊದಲು ಇಳಿಯುವುದು ದಪ್ಪ, ಬಣ್ಣ ಆಮೇಲೆ.