ರೀಪರ್‌ನ ರಿಯಾಕಾಂಪ್: ಮನೆಯಲ್ಲಿ ರ‍್ಯಾಪ್ ಮುದ್ರಿಸುವವರಿಗೆ ಒಂದು ದೀರ್ಘ ಬಳಕೆಯ ವಿಮರ್ಶೆ

ಕನ್ನಡ ರ‍್ಯಾಪ್‌ನಲ್ಲಿ ಪ್ರಾಸ ಬೀಳುವುದು ಹೆಚ್ಚಾಗಿ ಸಾಲಿನ ಕೊನೆಯಲ್ಲಿ. ಹಾಡುವವರ ಉಸಿರು ತೀರುವುದೂ ಅಲ್ಲಿಯೇ. ನಮ್ಮ ಮಾತಿನ ಜಾಯಮಾನವೂ ಇದಕ್ಕೆ ಒತ್ತಾಸೆಯಾಗುತ್ತದೆ: ಪದದ ಮೊದಲ ಅಕ್ಷರ ಗಟ್ಟಿಯಾಗಿ ಹೊರಡುತ್ತದೆ, ಕೊನೆಯ ಹ್ರಸ್ವ ಸ್ವರ ಮೆತ್ತಗಾಗುತ್ತದೆ, ಕ್ರಿಯಾಪದವಂತೂ ವಾಕ್ಯದ ತುದಿಗೇ ಬರುತ್ತದೆ. ‘ಬಂತು’, ‘ನಿಂತು’ ಎಂದು ಕಷ್ಟಪಟ್ಟು ಜೋಡಿಸಿದ ಪ್ರಾಸ ಕಾಗದದ ಮೇಲೆ ಮಿಂಚಿದರೂ ಡ್ರಮ್ ಮತ್ತು ಬೇಸ್‌ನ ಕೆಳಗೆ ಹೂತುಹೋಗುತ್ತದೆ. ಮನೆಯಲ್ಲಿ ಹಿಪ್ ಹಾಪ್ ಧ್ವನಿ ಮುದ್ರಿಸುವವರಿಗೆ ಕಂಪ್ರೆಸರ್, ಅಂದರೆ ಜೋರಿನ ಸದ್ದನ್ನು ತಗ್ಗಿಸಿ ಜೋರು-ಮೆಲುವಿನ ಅಂತರ ಕುಗ್ಗಿಸುವ ಸಾಧನ, ಬೇಕಾಗುವುದು ಮೊದಲು ಈ ಕೊನೆಯ ಅಕ್ಷರವನ್ನು ಉಳಿಸಿಕೊಳ್ಳುವುದಕ್ಕೆ. ದನಿ ದಪ್ಪವಾಗುವುದು, ‘ಸ್ಟುಡಿಯೋ ಗುಣ’ ಬರುವುದು ಎಲ್ಲ ಆಮೇಲಿನ ಮಾತು.

ಹಳೇ ಹುಬ್ಬಳ್ಳಿಯ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ವರ್ಷಗಳಿಂದ ಈ ಕೆಲಸಕ್ಕೆ ನಾನು ನೆಚ್ಚಿಕೊಂಡಿರುವುದು ರಿಯಾಕಾಂಪ್ ಅನ್ನು. ಕಾಕೋಸ್ ಕಂಪನಿಯ ರೀಪರ್ ಎಂಬ ಧ್ವನಿಮುದ್ರಣ ತಂತ್ರಾಂಶದ ಜೊತೆಗೇ ಬರುವ ಕಂಪ್ರೆಸರ್ ಇದು, ಬೇರೆ ದುಡ್ಡಿಲ್ಲ. ನನ್ನ ದನಿ, ತಮ್ಮನ ದನಿ, ಧಾರವಾಡದಿಂದ ಬರುವ ಕಾಲೇಜು ಹುಡುಗರ ದನಿ, ಭಾನುವಾರ ಗದಗದಿಂದ ರೈಲು ಹಿಡಿದು ಬರುವ ಒಬ್ಬ ಹುಡುಗಿಯ ದನಿ, ಎಲ್ಲವೂ ಇದರೊಳಗೆ ಹಾದುಹೋಗಿವೆ. ಉಳಿದ ಸಾಮಾನು ಸಾಧಾರಣ: ಶೂರ್ ಎಸ್‌ಎಂ58 ಮೈಕ್, ಎರಡು ಇನ್‌ಪುಟ್‌ನ ಆಡಿಯೋ ಇಂಟರ್‌ಫೇಸ್ (ಮೈಕ್ ಅನ್ನು ಕಂಪ್ಯೂಟರ್‌ಗೆ ಜೋಡಿಸುವ ಪೆಟ್ಟಿಗೆ), ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್.

ಮುದ್ರಿಸುವಾಗಲೇ ಕಂಪ್ರೆಸ್ ಮಾಡಬೇಕೇ, ಆಮೇಲೆ ಮಾಡಬೇಕೇ? ನನ್ನಲ್ಲಿಗೆ ಬರುವವರು ಮೊದಲು ಕೇಳುವ ಪ್ರಶ್ನೆ ಇದು. ನನ್ನ ಉತ್ತರ ಸ್ಪಷ್ಟ. ಕಡತದಲ್ಲಿ ಕಂಪ್ರೆಷನ್ ಇರಕೂಡದು, ಹಾಡುವವರ ಕಿವಿಯಲ್ಲಿ ಇರಲೇಬೇಕು. ರಿಯಾಕಾಂಪ್ ಮತ್ತು ರೀಪರ್ ಜೋಡಿಯನ್ನು ನಾನು ಬಿಡದಿರುವುದಕ್ಕೆ ಇದೇ ದೊಡ್ಡ ಕಾರಣ.

ಟೇಪಿನ ಕಾಲದಲ್ಲಿ ಮುದ್ರಿಸುವಾಗಲೇ ಕಂಪ್ರೆಸ್ ಮಾಡುವುದಕ್ಕೆ ಅರ್ಥವಿತ್ತು. ಮೆಲ್ಲಗಿನ ದನಿ ಟೇಪಿನ ಸುಂಯ್ಯೆನ್ನುವ ಸದ್ದಿನಲ್ಲಿ ಕಳೆದುಹೋಗುತ್ತಿತ್ತು, ಜೋರಿನದು ಒಡೆಯುತ್ತಿತ್ತು. ಈಗ 24 ಬಿಟ್‌ನಲ್ಲಿ ಮುದ್ರಿಸುತ್ತೇವೆ. ಲೆಕ್ಕದ ಪ್ರಕಾರ ಅದರ ವ್ಯಾಪ್ತಿ ಸುಮಾರು 144 ಡೆಸಿಬಲ್. ಅತಿ ಜೋರಿನ ಕೂಗು ಮೈನಸ್ 10 ಡೆಸಿಬಲ್‌ನ (ಸದ್ದು ಒಡೆಯುವ ಮಟ್ಟಕ್ಕಿಂತ 10 ಕೆಳಗೆ) ಆಸುಪಾಸು ಬರುವಂತೆ ಗೇನ್, ಅಂದರೆ ಮೈಕ್‌ನ ದನಿ ಹಿಗ್ಗಿಸುವ ಮಟ್ಟ, ಇಟ್ಟರೆ ಸಾಕು, ಒಡೆಯುವ ಭಯವಿಲ್ಲ, ಮೆಲುದನಿ ಕಳೆಯುವ ಭಯವೂ ಇಲ್ಲ. ಒಮ್ಮೆ ಹಿಸುಕಿ ಬರೆದ ದನಿಯನ್ನು ಮರಳಿ ಬಿಡಿಸುವುದು ಮಾತ್ರ ಆಗದ ಕೆಲಸ. ಆದ್ದರಿಂದ ರೀಪರ್‌ನಲ್ಲಿ ರಿಯಾಕಾಂಪ್ ಅನ್ನು ‘ಇನ್‌ಪುಟ್ ಎಫ್‌ಎಕ್ಸ್’ ಎಂಬ ಜಾಗದಲ್ಲಿ ಹಾಕುವುದಿಲ್ಲ, ಅಲ್ಲಿ ಹಾಕಿದ್ದು ಕಡತದೊಳಕ್ಕೇ ಇಳಿಯುತ್ತದೆ. ಟ್ರ್ಯಾಕ್‌ನ ಸಾಮಾನ್ಯ ಎಫ್‌ಎಕ್ಸ್ ಸಾಲಿನಲ್ಲಿ ಹಾಕಿ ಮಾನಿಟರಿಂಗ್ ತೆರೆದರೆ ಡಿಸ್ಕಿಗೆ ಹೋಗುವುದು ಹಸಿ ದನಿ, ಹೆಡ್‌ಫೋನ್‌ಗೆ ಬರುವುದು ಕಂಪ್ರೆಸ್ ಆದ ದನಿ.

ಹೆಡ್‌ಫೋನ್‌ಗೆ ಬಂದರೆ ಏನು ಲಾಭ? ರ‍್ಯಾಪ್ ಮಾಡುವವರು ತಮ್ಮ ದನಿಯನ್ನು ತಾವೇ ಕೇಳಿಕೊಂಡು ಶಕ್ತಿಯನ್ನು ಅಳೆಯುತ್ತಾರೆ. ಬೀಟ್‌ನ ಕೆಳಗೆ ತಮ್ಮ ಮಾತು ಮುಳುಗಿದೆ ಎನಿಸಿದರೆ ಕೂಗುತ್ತಾರೆ. ಕೂಗಿದರೆ ಉಸಿರು ಬೇಗ ಖಾಲಿ, ಸಾಲಿನ ಕೊನೆ ಇನ್ನೂ ಸಪ್ಪೆ. ಅದೇ ಹುಡುಗನಿಗೆ 5–6 ಡೆಸಿಬಲ್ ಇಳಿಸಿ ಮೇಕಪ್ ಗೇನ್ (ಇಳಿದಷ್ಟನ್ನು ಮತ್ತೆ ಏರಿಸುವುದು) ಕೊಟ್ಟ ದನಿಯನ್ನು ಕೇಳಿಸಿ ನೋಡಿ. ಗಂಟಲು ಸಡಿಲಾಗುತ್ತದೆ, ಪಿಸುಮಾತಿನಷ್ಟು ಮೆಲ್ಲಗೆ ಹೇಳಿದ ಪದವೂ ತನಗೆ ಕೇಳಿಸುತ್ತದೆ ಎಂಬ ಧೈರ್ಯ ಬರುತ್ತದೆ. ಗದಗದ ಆ ಹುಡುಗಿ ಕಂಪ್ರೆಸರ್ ಇಲ್ಲದೆ ಎಲ್ಲ ಸಾಲನ್ನೂ ಒಂದೇ ಎತ್ತರದಲ್ಲಿ ಹೇಳುತ್ತಿದ್ದಳು. ಕಿವಿಯಲ್ಲಿ ಅದನ್ನು ಕೇಳಿಸಿದ ಮೇಲೆ ಏರುವುದು, ಇಳಿಯುವುದು, ನಿಲ್ಲುವುದು ಎಲ್ಲ ತಾನಾಗಿ ಬಂದವು. ಮಿಕ್ಸಿಂಗ್‌ನಲ್ಲಿ ಎಷ್ಟೇ ಹೆಣಗಿದರೂ ಸಿಗದ ಗುಣ ಅದು.

ಇದಕ್ಕೆ ಒಂದು ಷರತ್ತಿದೆ: ತಡ ಕೇಳಿಸಕೂಡದು. 48 ಕಿಲೋಹರ್ಟ್ಸ್‌ನಲ್ಲಿ (ಸೆಕೆಂಡಿಗೆ 48,000 ಸ್ಯಾಂಪಲ್) ಬಫರ್, ಅಂದರೆ ಕಂಪ್ಯೂಟರ್ ಒಮ್ಮೆಗೆ ತೆಗೆದುಕೊಳ್ಳುವ ಸದ್ದಿನ ತುಣುಕು, 128 ಸ್ಯಾಂಪಲ್ ಇಟ್ಟರೆ ಒಂದು ಬಫರ್‌ಗೆ 2.67 ಮಿಲಿಸೆಕೆಂಡ್ ಆಗುತ್ತದೆ. ಹೋಗುವ, ಬರುವ ದಾರಿಯ ತಡ ಸೇರಿದರೂ ಹಾಡುವವರಿಗೆ ತೊಡಕಾಗುವುದಿಲ್ಲ. ರಿಯಾಕಾಂಪ್‌ನ ‘ಪ್ರೀ-ಕಾಂಪ್’ ಎಂಬ ಸರಿಸುವ ಪಟ್ಟಿ ಮಾತ್ರ ಮುದ್ರಣದ ವೇಳೆ ಸೊನ್ನೆಯಲ್ಲೇ ಇರಲಿ. ಅದು ಮುಂದೆ ಬರುವ ಸದ್ದನ್ನು ಮೊದಲೇ ನೋಡಿಕೊಳ್ಳುವ ಸೌಕರ್ಯ, ಅದಕ್ಕೆ ತೆರುವ ಬೆಲೆ ಅಷ್ಟೇ ತಡ.

ಈಗ ನಾನು ಇಡುವ ಅಂಕಿಗಳು. ರೇಶಿಯೋ 4:1. ಅಂದರೆ ಥ್ರೆಶೋಲ್ಡ್ (ಹಿಡಿತ ಶುರುವಾಗುವ ಮಟ್ಟ) ದಾಟಿ 8 ಡೆಸಿಬಲ್ ಮೇಲೆ ಹೋದ ಸದ್ದು 2 ಡೆಸಿಬಲ್ ಮಾತ್ರ ಮೇಲೆ ಉಳಿಯುತ್ತದೆ. ಥ್ರೆಶೋಲ್ಡ್‌ಗೆ ಸಿದ್ಧ ಅಂಕಿ ಇಲ್ಲ, ಜೋರಿನ ಪದಗಳಲ್ಲಿ 6 ಡೆಸಿಬಲ್‌ನಷ್ಟು ಇಳಿತ ಕಾಣುವವರೆಗೆ ಕೆಳಗೆ ತರುತ್ತೇನೆ. ‘ನೀ’ (knee, ಹಿಡಿತ ಮೆಲ್ಲಗೆ ಏರುವ ಬಾಗು) 6 ಡೆಸಿಬಲ್, ಹಿಡಿತ ಶುರುವಾದದ್ದು ಗೊತ್ತಾಗದಿರಲಿ ಎಂದು.

ಅಟ್ಯಾಕ್‌ನ, ಅಂದರೆ ಹಿಡಿತ ಬೀಳಲು ಹಿಡಿಯುವ ಸಮಯದ, ವಿಷಯದಲ್ಲಿ ನಾನು ಹಟ ಹಿಡಿಯುತ್ತೇನೆ. ಇಂಗ್ಲಿಷ್ ರ‍್ಯಾಪ್‌ನ ಪಾಠಗಳನ್ನು ನೋಡಿಕೊಂಡು 1 ಮಿಲಿಸೆಕೆಂಡ್ ಇಡುವವರು ಬಹಳ. ನಮ್ಮ ಕನ್ನಡ ಒತ್ತಕ್ಷರಗಳ ಮೇಲೆ ನಿಂತ ಭಾಷೆ. ‘ಹುಬ್ಬಳ್ಳಿ’, ‘ಕಟ್ಟು’, ‘ಹೊಕ್ಕಳು’ ಎನ್ನುವಾಗ ತುಟಿ, ನಾಲಿಗೆ ಒಂದು ಕ್ಷಣ ಬಿಗಿಹಿಡಿದು ಬಿಡುತ್ತವಲ್ಲ, ತಾಳದ ಪೆಟ್ಟು ಇರುವುದು ಆ ಬಿಡುಗಡೆಯಲ್ಲಿ. ಅಟ್ಯಾಕ್ ತೀರಾ ಚುರುಕಾದರೆ ಆ ಪೆಟ್ಟೇ ಮೊಂಡಾಗುತ್ತದೆ. 10ರಿಂದ 15 ಮಿಲಿಸೆಕೆಂಡ್ ಇಟ್ಟರೆ ವ್ಯಂಜನ ಮೊದಲು ದಾಟಿಹೋಗುತ್ತದೆ, ಹಿಡಿತ ಬೀಳುವುದು ಅದರ ಹಿಂದಿನ ಸ್ವರದ ಮೇಲೆ. ಮಾತು ಮುಂದೆ ಬಂದು ನಿಂತಂತೆ ಕೇಳುತ್ತದೆ.

ರಿಲೀಸ್‌ಗೆ, ಅಂದರೆ ಹಿಡಿತ ಸಡಿಲಾಗುವ ಸಮಯಕ್ಕೆ, ಬೀಟ್‌ನ ವೇಗವೇ ಅಳತೆ. ನಿಮಿಷಕ್ಕೆ 90 ಬೀಟ್ ಇದ್ದರೆ ಬೀಟ್‌ನ ಕಾಲುಭಾಗಕ್ಕೆ ಸುಮಾರು 167 ಮಿಲಿಸೆಕೆಂಡ್, 140 ಇದ್ದರೆ 107. ಒಂದು ಅಕ್ಷರಕ್ಕೆ ಬಿದ್ದ ಹಿಡಿತ ಮುಂದಿನದು ಬರುವಷ್ಟರಲ್ಲಿ ಸಡಿಲವಾಗಬೇಕು. ನಿಧಾನದ ಬೀಟ್‌ಗೆ 100, ವೇಗದ್ದಕ್ಕೆ 60 ಮಿಲಿಸೆಕೆಂಡ್‌ನಿಂದ ಶುರುಮಾಡಿ ಕಿವಿ ಹೇಳಿದಂತೆ ಸರಿಸುತ್ತೇನೆ. ರಿಲೀಸ್ ಉದ್ದವಾದರೆ ಮೊದಲ ಅಕ್ಷರದ ಗಟ್ಟಿತನಕ್ಕೆ ಬಿದ್ದ ಹಿಡಿತ ಸಾಲಿನ ತುದಿಯವರೆಗೂ ಮುಂದುವರಿದು, ಉಳಿಸಬೇಕಾದ ಪ್ರಾಸವನ್ನೇ ಅದುಮುತ್ತದೆ.

‘ಆಟೋ ಮೇಕಪ್’ ಗುರುತನ್ನು ತೆಗೆದುಹಾಕಿ. ಜೋರಾಗಿ ಕೇಳಿದ್ದೆಲ್ಲ ಚೆನ್ನಾಗಿದೆ ಎಂದು ನಂಬುವುದು ಕಿವಿಯ ಸ್ವಭಾವ. ಹಾಕಿದಾಗ, ತೆಗೆದಾಗ ಒಂದೇ ಗಟ್ಟಿತನ ಇರುವಂತೆ ಕೈಯಿಂದಲೇ ಹೊಂದಿಸಿಕೊಂಡರೆ ಮಾತ್ರ ಕಂಪ್ರೆಸರ್ ನಿಜಕ್ಕೂ ಏನು ಮಾಡಿದೆ ಎಂದು ತಿಳಿಯುತ್ತದೆ.

ರಿಯಾಕಾಂಪ್‌ನಲ್ಲಿ ನಾನು ಬಹುವಾಗಿ ಮೆಚ್ಚಿದ್ದು ಅದರ ಡಿಟೆಕ್ಟರ್ (ಸದ್ದು ಎಷ್ಟು ಜೋರೆಂದು ಅಳೆಯುವ ಭಾಗ) ಫಿಲ್ಟರ್‌ಗಳನ್ನು. ಮೈಕ್‌ಗೆ ಬಾಯಿ ಹತ್ತಿರವಾದಷ್ಟೂ ಮಂದ್ರ ಉಬ್ಬುತ್ತದೆ. ‘ಪ’, ‘ಭ’ ಹೇಳಿದಾಗ ಗಾಳಿ ಬೇರೆ ಬಡಿಯುತ್ತದೆ. ಆ ಬಡಿತಕ್ಕೆ ಬೆಚ್ಚಿ ಕಂಪ್ರೆಸರ್ ಇಡೀ ಪದವನ್ನು ಒತ್ತಿಬಿಡುತ್ತದೆ. ಡಿಟೆಕ್ಟರ್‌ನ ಹೈಪಾಸ್ ಅನ್ನು 120 ಹರ್ಟ್ಸ್‌ಗೆ ಏರಿಸಿದರೆ ಅದು ಮಂದ್ರವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ದನಿಯಲ್ಲಿನ ಮಂದ್ರ ಮಾತ್ರ ಹಾಗೇ ಉಳಿಯುತ್ತದೆ. ‘ಪ್ರಿವ್ಯೂ ಫಿಲ್ಟರ್’ ಒತ್ತಿದರೆ ಡಿಟೆಕ್ಟರ್‌ಗೆ ಏನು ಕೇಳಿಸುತ್ತಿದೆ ಎಂಬುದನ್ನು ನಾವೇ ಕೇಳಬಹುದು. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ. ಅದೇ ಹೈಪಾಸ್ ಅನ್ನು 5 ಕಿಲೋಹರ್ಟ್ಸ್‌ಗೆ ಒಯ್ದ ಎರಡನೆಯ ರಿಯಾಕಾಂಪ್ ಒಂದನ್ನು ಮುಂದೆ ಇಟ್ಟರೆ, ಚುಚ್ಚುವ ‘ಸ’, ‘ಶ’ಗಳನ್ನು ತಗ್ಗಿಸುವ ಸಾಧನವೂ ಅದೇ ಆಗುತ್ತದೆ.

ಇನ್ನು ಕೋಣೆ. ಕಂಪ್ರೆಸ್ ಮಾಡಿ 6 ಡೆಸಿಬಲ್ ಮೇಕಪ್ ಕೊಟ್ಟರೆ ಪದಗಳ ನಡುವಿನ ಫ್ಯಾನ್ ಸದ್ದು, ಗೋಡೆಯ ಮರುದನಿ, ಬೀದಿಯ ಹಾರ್ನ್ ಎಲ್ಲವೂ ಅಷ್ಟೇ ಮೇಲೇರುತ್ತವೆ. ನಮ್ಮಲ್ಲಿ ರೈಲಿನ ಕೂಗು ಬೇರೆ. ಎಸ್‌ಎಂ58 ಎದುರಿನ ದನಿಯನ್ನು ಹಿಡಿದು ಹಿಂದಿನದನ್ನು ಬಹುಮಟ್ಟಿಗೆ ಬಿಡುವ ಮೈಕ್ ಆದ್ದರಿಂದ, ಗೋಡೆ ಸರಿಪಡಿಸದ ಮನೆಗಳಿಗೆ ದುಬಾರಿ ಕಂಡೆನ್ಸರ್ ಮೈಕ್‌ಗಿಂತ ಇದೇ ವಾಸಿ ಎಂದು ನಾನು ಖಂಡಿತವಾಗಿ ಹೇಳುತ್ತೇನೆ. ಹಾಡುವವರ ಬೆನ್ನ ಹಿಂದೆ, ಎರಡೂ ಬದಿಗೆ ಅಜ್ಜಿ ಹೊಲಿದ ದಪ್ಪ ಕೌದಿಗಳನ್ನು ತೂಗುಹಾಕುತ್ತೇನೆ. ಪದರ ಪದರವಾಗಿ ಹೊಲಿದ ಹಳೆಯ ಬಟ್ಟೆ ಮೇಲಿನ ಕಂಪನಗಳ ಮರುದನಿಯನ್ನು ಚೆನ್ನಾಗಿ ನುಂಗುತ್ತದೆ. ಮಂದ್ರದ ಗುಂಯ್ ಸದ್ದಿಗೆ ಅದು ಸಾಲದು, ಅದಕ್ಕೆ ಮೈಕ್ ಅನ್ನು ಮೂಲೆಯಿಂದ ದೂರ ಇಡಬೇಕು. ಏಪ್ರಿಲ್‌ನ ಬಿಸಿಲಿನಲ್ಲಿ ಫ್ಯಾನ್ ಆರಿಸಿ ಕೌದಿಗಳ ನಡುವೆ ನಿಲ್ಲುವುದು ಕಷ್ಟವೇ. ಬೆಳಗಿನ ಜಾವ ಇಟ್ಟುಕೊಂಡರೆ ಅವ್ವನ ಒಗ್ಗರಣೆಯ ಸದ್ದೂ ಇರುವುದಿಲ್ಲ.

ಮುಖ್ಯ ದನಿಯ ಹಿಂದೆ ಬರುವ ಡಬಲ್‌ಗಳ ರೀತಿ ಬೇರೆ. ನಮ್ಮ ಕಡೆಯ ಗೀಗೀ ಮೇಳ ಕೇಳಿದವರಿಗೆ ಇದನ್ನು ವಿವರಿಸಬೇಕಿಲ್ಲ: ಮುಂದಿನವರು ಸಾಲು ಬಿಟ್ಟಲ್ಲಿ ಹಿಮ್ಮೇಳದವರು ‘ಗೀ ಗೀ’ ಎಂದು ಎತ್ತಿಕೊಳ್ಳುತ್ತಾರೆ, ಪದದ ಓಟ ಮುರಿಯುವುದಿಲ್ಲ. ರ‍್ಯಾಪ್‌ನಲ್ಲಿ ಪ್ರಾಸದ ಪದವನ್ನಷ್ಟೇ ಎರಡನೆಯ ಸಲ ಹೇಳಿ ಕೆಳಗೆ ಇಡುವುದು ಅದೇ ಕೆಲಸ. ಆ ಟ್ರ್ಯಾಕ್‌ಗಳಲ್ಲಿ ಏರಿಳಿತವೇ ಬೇಡ. ರೇಶಿಯೋ 8:1, ಅಟ್ಯಾಕ್ 1–2 ಮಿಲಿಸೆಕೆಂಡ್, 10 ಡೆಸಿಬಲ್‌ವರೆಗೂ ಇಳಿತ. ವ್ಯಂಜನ ಮೊಂಡಾದರೆ ಇಲ್ಲಿ ಒಳ್ಳೆಯದೇ, ಮುಖ್ಯ ದನಿಯ ‘ಕ’, ‘ಟ’ಗಳಿಗೆ ಅಡ್ಡ ಬರುವುದಿಲ್ಲ.

ಕೊರತೆಗಳಿವೆ. ನೋಟ ನೀರಸ, ಬೂದು ಬಣ್ಣದ ಕಿಟಕಿಯಲ್ಲಿ ಸಾಲು ಸಾಲು ಪಟ್ಟಿಗಳು. ಹೊಸಬರು ಎಲ್ಲಿಂದ ಶುರುಮಾಡುವುದೆಂದು ಕಂಗಾಲಾಗುತ್ತಾರೆ. ಸದ್ದಿಗೆ ತನ್ನದೇ ಬಣ್ಣ ಹಚ್ಚುವುದಿಲ್ಲ. 1967ರಲ್ಲಿ ಬಂದ 1176 ಎಂಬ ಕಂಪ್ರೆಸರ್ ಯಂತ್ರದ ಅಟ್ಯಾಕ್ ಮೈಕ್ರೋಸೆಕೆಂಡ್‌ಗಳಲ್ಲಿ, 20ರಿಂದ 800ರವರೆಗೆ. ಹಿಪ್ ಹಾಪ್‌ನ ಕೇಳುಗರಿಗೆ ಅದರ ಬಿರುಸು ಕಿವಿಯಲ್ಲಿ ಕೂತುಬಿಟ್ಟಿದೆ. ರಿಯಾಕಾಂಪ್‌ನಿಂದ ಅದನ್ನು ಹೊರಡಿಸುವುದು ಆಗದು. ಬೇಕೆನಿಸಿದಾಗ ರೀಪರ್‌ನೊಳಗೇ ಇರುವ 1175 ಎಂಬ ಪ್ಲಗಿನ್ ಹಾಕುತ್ತೇನೆ. ನುಣುಪು ಬೇಕಾದರೆ ಕ್ಲಾಂಗ್‌ಹೆಲ್ಮ್‌ನ ಉಚಿತ ಎಂಜೆಯುಸಿ ಜೂನಿಯರ್ ಕಂಪ್ರೆಸರ್ ಅನ್ನು ರಿಯಾಕಾಂಪ್‌ನ ಹಿಂದೆ ಇಟ್ಟು 2 ಡೆಸಿಬಲ್ ಇಳಿಸಿದರೆ ಸಾಕಾಗುತ್ತದೆ.

ಬೆಲೆಯ ಮಾತು. ರೀಪರ್ ಅನ್ನು 60 ದಿನ ಪೂರ್ಣ ರೂಪದಲ್ಲಿ ಬಳಸಿ ನೋಡಬಹುದು, ನಂತರ ನಮ್ಮಂಥ ಮನೆಬಳಕೆಯವರಿಗೆ ರಿಯಾಯಿತಿ ಪರವಾನಗಿ 60 ಡಾಲರ್. ಅವಧಿ ಮುಗಿದರೂ ತಂತ್ರಾಂಶ ಬಾಗಿಲು ಹಾಕಿಕೊಳ್ಳುವುದಿಲ್ಲ. ಆದ್ದರಿಂದಲೇ ದುಡ್ಡು ಕೊಟ್ಟು ಬಳಸಿ ಎಂದು ಎಲ್ಲ ಹುಡುಗರಿಗೂ ಹೇಳುತ್ತೇನೆ. ಬೇರೆ ತಂತ್ರಾಂಶ ಇರುವ ವಿಂಡೋಸ್ ಬಳಕೆದಾರರಿಗೆ ರಿಯಾಪ್ಲಗ್ಸ್ ಎಂಬ ಕಟ್ಟಿನಲ್ಲಿ ರಿಯಾಕಾಂಪ್ ಉಚಿತವಾಗಿ ಸಿಗುತ್ತದೆ. ಐದಕ್ಕೆ ನಾಲ್ಕೂವರೆ ಕೊಡುತ್ತೇನೆ, ಆ ಅರ್ಧ ಕಳೆದದ್ದು ನೋಟಕ್ಕೆ.

ಮಿಕ್ಸಿಂಗ್‌ಗೆಂದು ಬೆಂಗಳೂರಿಗೋ ಬೇರೆಲ್ಲಿಗೋ ದನಿ ಕಳಿಸುವವರಿಗೆ ಇನ್ನೊಂದು ವಿಷಯ. ಹಸಿ ಕಡತವನ್ನೇ ಕಳಿಸಿ, 24 ಬಿಟ್ ವೇವ್ ಆಗಿ, ಹಾಡಿನ ಮೊದಲ ಕ್ಷಣದಿಂದ ಶುರುವಾಗುವಂತೆ. ಜೊತೆಗೆ ರಿಯಾಕಾಂಪ್ ಹಾಕಿದ ಒಂದು ಪ್ರತಿಯನ್ನೂ ಸೇರಿಸಿ, ‘ನಾವು ಕೇಳಿಕೊಂಡು ಹಾಡಿದ್ದು ಹೀಗೆ’ ಎಂದು ಬರೆದು. ಉತ್ತರ ಕರ್ನಾಟಕದ ಮಾತಿನ ಪೆಟ್ಟು ಎಲ್ಲಿ ಬೀಳುತ್ತದೆ ಎಂಬುದು ಮಿಕ್ಸ್ ಮಾಡುವವರಿಗೆ ಆ ಪ್ರತಿಯಿಂದ ಗೊತ್ತಾಗುತ್ತದೆ, ಅವರು ಹೊಂದಿಸುವ ಅಟ್ಯಾಕ್ ಅದಕ್ಕೆ ತಕ್ಕಂತೆ ಬರುತ್ತದೆ.