ಇನ್ಸೆಪ್ಷನ್ ನೋಡೋದಾ, ಇಂಟರ್‌ಸ್ಟೆಲ್ಲರ್ ನೋಡೋದಾ?

ಎರಡೂ ಕ್ರಿಸ್ಟೋಫರ್ ನೋಲನ್ ಸಿನಿಮಾಗಳೇ. ಒಂದನ್ನೇ ನೋಡೋಕೆ ಟೈಮ್ ಇದೆ ಅಂದರೆ ನನ್ನ ಓಟು 2014ರ ಇಂಟರ್‌ಸ್ಟೆಲ್ಲರ್‌ಗೆ.

2010ರ ಇನ್ಸೆಪ್ಷನ್ ಚುರುಕಾಗಿದೆ, ಅನುಮಾನವೇ ಇಲ್ಲ. 148 ನಿಮಿಷ ಹೋಗಿದ್ದೇ ಗೊತ್ತಾಗುವುದಿಲ್ಲ. ಹೋಟೆಲ್ ಕಾರಿಡಾರ್ ಗಿರಗಿರ ತಿರುಗುವಾಗ ನಡೆಯುವ ಹೊಡೆದಾಟ ಇದೆಯಲ್ಲ, ಅದಕ್ಕೆ ತಿರುಗುವ ಸೆಟ್ಟನ್ನೇ ಕಟ್ಟಿದ್ದರು. ಆದರೆ ಕನಸಿನೊಳಗೆ ಕನಸು, ಅದಕ್ಕೊಂದು ನಿಯಮ, ಆ ನಿಯಮಕ್ಕೊಂದು ವಿವರಣೆ... ಪಾತ್ರಗಳು ಜಾಸ್ತಿ ಮಾತಾಡೋದು ಇದನ್ನೇ. ಮಧ್ಯೆ ಫೋನ್ ನೋಡಿದಿರೋ, ಕಥೆ ಕೈತಪ್ಪಿತು.

ಇಂಟರ್‌ಸ್ಟೆಲ್ಲರ್ 169 ನಿಮಿಷ, ಮಕ್ಕಳನ್ನು ಭೂಮಿಯಲ್ಲಿ ಬಿಟ್ಟು ಬಾಹ್ಯಾಕಾಶಕ್ಕೆ ಹೋಗುವ ಅಪ್ಪನೊಬ್ಬನ ಕಥೆ. ಶುರುವಿನಲ್ಲಿ ನಿಧಾನ. ವಿಜ್ಞಾನದ ಮಾತು ಅರ್ಧ ತಲೆಗೆ ಹತ್ತದಿದ್ದರೂ ಚಿಂತೆಯಿಲ್ಲ. ನೀರಿನ ಗ್ರಹದಲ್ಲಿ ಒಂದು ಗಂಟೆ ಕಳೆದರೆ ಭೂಮಿಯಲ್ಲಿ ಏಳು ವರ್ಷ. ಅಲ್ಲಿಂದ ವಾಪಸ್ ಬಂದ ಅಪ್ಪ, 23 ವರ್ಷಗಳಲ್ಲಿ ಬಂದು ಬಿದ್ದಿದ್ದ ವಿಡಿಯೊ ಸಂದೇಶಗಳನ್ನು ನೋಡುತ್ತಾ ಕೂರುತ್ತಾನೆ. ಮಗ ಕಣ್ಣೆದುರೇ ದೊಡ್ಡವನಾಗಿಬಿಡುತ್ತಾನೆ. ಅಪ್ಪನಾಗಿ ನಟಿಸಿರುವ ಮ್ಯಾಥ್ಯೂ ಮೆಕಾನಹೇ ಮುಖವೊಂದೇ ಸಾಕು, ಗಂಟಲು ಕಟ್ಟುತ್ತದೆ. ಕೊನೆಯ ಭಾಗ ಸ್ವಲ್ಪ ಅತಿಯಾಯ್ತು ಅನ್ನಿಸಬಹುದು, ಬಿಡಿ.

ಸಂಗೀತ ಎರಡಕ್ಕೂ ಹಾನ್ಸ್ ಝಿಮ್ಮರ್, ಅಲ್ಲಿ ಪೈಪೋಟಿಯೇ ಬೇಡ. ಗೆಳೆಯರ ಗುಂಪು ಸೇರಿದ್ದು, ಮುಗಿದ ಮೇಲೆ ವಾದ ಮಾಡುವ ಚಟ ಇದ್ದರೆ ಇನ್ಸೆಪ್ಷನ್ ಹಾಕಿ. ಮೊಬೈಲಿನಲ್ಲಿ ಮಾತ್ರ ಎರಡನ್ನೂ ನೋಡಬೇಡಿ.