ನಿವೃತ್ತಿಗೆ ಮುನ್ನ ಯಾವ ತರಬೇತಿ?

ಪುಣೆಯ ಖಡಕಿ ದಂಡುಪ್ರದೇಶದ ಕನ್ನಡಿಗ ಸೈನಿಕರು ನಿವೃತ್ತಿ ಹತ್ತಿರವಾದಾಗ ಕೇಳುವುದು ಒಂದೇ: ಕಂಪನಿಯ ಕೆಲಸಕ್ಕೆ ಬೇಕಾದ ನಡೆನುಡಿಯನ್ನು ಎಲ್ಲಿ ಕಲಿಯಬೇಕು?

ರಕ್ಷಣಾ ಸಚಿವಾಲಯದ ಪುನರ್ವಸತಿ ಮಹಾನಿರ್ದೇಶನಾಲಯದ ಕೋರ್ಸ್‌ಗಳು ಹೆಚ್ಚಾಗಿ ಸೇವೆಯ ಕೊನೆಯಲ್ಲಿ ಸಿಗುತ್ತವೆ. ಅಧಿಕಾರಿಗಳ ನಿರ್ವಹಣಾ ಕೋರ್ಸ್ ಸುಮಾರು 24 ವಾರ. ಪ್ರಮಾಣಪತ್ರಕ್ಕೆ ತೂಕವಿದೆ.

ಖಾಸಗಿ ವಾರಾಂತ್ಯದ ತರಗತಿ ಚಿಕ್ಕದು, ಹಣ ನಿಮ್ಮ ಕೈಯಿಂದಲೇ. ಆದರೆ ಮಾತಿನ ಅಭ್ಯಾಸಕ್ಕೆ ಅದೇ ಮೇಲು ಎಂಬುದು ನನ್ನ ನಂಬಿಕೆ. ಇಪ್ಪತ್ತು ವರ್ಷ ಆದೇಶದಲ್ಲೇ ಪಳಗಿದ ನಾಲಿಗೆ, ತನಗಿಂತ ಕಿರಿಯ ಮೇಲಧಿಕಾರಿಯನ್ನು ಹೆಸರು ಹಿಡಿದು ಕರೆಯಬೇಕು, ‘ಆಗುವುದಿಲ್ಲ’ ಎಂಬುದನ್ನು ಮೃದುವಾಗಿ ಹೇಳಬೇಕು. ಎದುರು ಕುಳಿತು ತಿದ್ದುವವರಿಲ್ಲದೆ ಇದು ಬರುವುದಿಲ್ಲ.

ಸೇವಾವಧಿ ಉಳಿದಿದ್ದರೆ ಮೊದಲನೆಯದನ್ನು ಬಿಡಬೇಡಿ. ಸಂದರ್ಶನ ಮುಂದಿನ ತಿಂಗಳೇ ಇದ್ದರೆ ಎರಡನೆಯದು. ಸೇರುವ ಮುನ್ನ ತರಗತಿಯಲ್ಲಿ ಎಷ್ಟು ಜನರಿರುತ್ತಾರೆ ಎಂದು ಕೇಳಿ.